ಒಂದಾದರೂ ಸೊಟ್ಟಗಿರಲಿ

ಸರಕ್, ಒಂದು ಸುತ್ತು, ಮತ್ತೆ ಸರಕ್, ಅದೇ ಜಾಗ, ಬೆಸುಗೆಯಿಂದ ಗೇಣು ದೂರ, ಅಲ್ಲಿ ರಿಮ್ಮು ಒಳಕ್ಕೆ ಹೊಟ್ಟೆ ಬಿಟ್ಟಿದೆ, ತಿರುಗುವಾಗ ಗಾಲಿಕುರ್ಚಿಯ ಪಕ್ಕದ ತಗಡಿಗೆ ಉಜ್ಜುತ್ತಿದೆ, ನೋಡಬೇಕಾಗಿಯೇ ಇಲ್ಲ, ಈ ಸದ್ದು ನಮ್ಮ ಮನೆಯೊಳಗೆ ಓಡಾಡಿದ್ದು ಕಮ್ಮಿಯೇನು, ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ, ಸರಕ್ ಸರಕ್, ಅವಳು ಕೂತಿರುತ್ತಾಳೆ, ನಾನು ತಳ್ಳುತ್ತಿರುತ್ತೇನೆ, ಅವಳ ತಲೆಯ ಹಿಂಭಾಗದ ಬಿಳಿ ಕೂದಲು ನನ್ನ ಕಣ್ಣ ಕೆಳಗೇ ಇರುತ್ತದೆ — ಇರುತ್ತಿತ್ತು. ಈಗ ಕುರ್ಚಿ ಅಂಗಡಿಯಲ್ಲಿದೆ, ಸೀಟು ಕೆಳಗೆ ಗಾಲಿ ಮೇಲೆ, ಸೈಕಲ್ಲನ್ನು ಮಗುಚಿ ಹಾಕುವ ಹಾಗೆಯೇ ಮಗುಚಿ ಹಾಕಿದ್ದೇನೆ, ನಾಲ್ಕು ಕಾಲು ಮೇಲೆ ಮಾಡಿದ ಪ್ರಾಣಿಯಂತೆ ಬಿದ್ದುಕೊಂಡಿದೆ. ಆಸ್ಪತ್ರೆಯ ಕುರ್ಚಿ, ಎರವಲು ತಂದದ್ದು, ಸಂಜೆ ಅವಳ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಕೈ ಡಾಕ್ಟರಮ್ಮ ಬಂದು ಒಯ್ಯುತ್ತಾಳೆ, ಯಾರೋ ಒಬ್ಬ ಯಜಮಾನ ಬಿದ್ದು ಸೊಂಟ ಮುರಿದುಕೊಂಡು ಇದಕ್ಕಾಗಿ ಕಾಯುತ್ತಿದ್ದಾನಂತೆ. ಅವಳಿಗೆ ಇನ್ನು ಬೇಡವಲ್ಲ. ಅವಳು ಹೋಗಿ ಎರಡು ವಾರದ ಮೇಲಾಯಿತು. ಹಾಸಿಗೆಯ ಮೇಲೆ ಬಿಚ್ಚಿದ ಕೈ — ಬೇಡ, ಅದು ಈಗ ಬೇಡ, ಕಡ್ಡಿ ನೋಡು, ಕಡ್ಡಿ ಹಿಡಿ, ಯಾವುದು ಬಿಗಿ ಯಾವುದು ಸಡಿಲ ನೋಡು, ಕೈಗೆ ಕೆಲಸ ಕೊಟ್ಟರೆ ತಲೆ ತನ್ನ ಪಾಡಿಗೆ ಬಿದ್ದಿರುತ್ತದೆ ಅಂದುಕೊಂಡು ತಾನೆ ಬಾಗಿಲು ತೆಗೆದದ್ದು.

ಬೆಂಡ್ ತೆಗೆಯುವುದು, ಇದೇ ನನ್ನ ಕೆಲಸ, ಬೋರ್ಡಿನ ಮೇಲೆ ಸೈಕಲ್ ರಿಪೇರಿ ಅಂತ ಬರೆದಿದ್ದರೂ ಬೀದಿಗೆಲ್ಲ ನಾನು ಬೆಂಡ್ ತೆಗೆಯುವವನು, ಪಂಕ್ಚರ್ ಹಾಕಲು ಯಾರು ಬೇಕಾದರೂ ಇದ್ದಾರೆ, ಎಂಟಾಗಿ ಮಡಚಿದ ರಿಮ್ಮನ್ನು ಮತ್ತೆ ದುಂಡಗೆ ಮಾಡಿ ಕೊಡಬೇಕಾದರೆ ಇಲ್ಲಿಗೇ ಬರಬೇಕು. ಬೆಂಡ್ ಇಂಗ್ಲಿಷ್ ಪದವಂತೆ, ನನಗೆ ಗೊತ್ತೇ ಇರಲಿಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇನೆ, ನಮ್ಮಪ್ಪ ನನ್ನ ಬೆಂಡೆತ್ತಿದ್ದು ಕನ್ನಡದಲ್ಲೇ. ಜನ ನನಗಿಟ್ಟ ಇನ್ನೊಂದು ಹೆಸರು ಸಲಾಕೆ. ನಿಂತರೆ ಸಲಾಕೆ, ಕೂತರೆ ಸಲಾಕೆ, ಮಾತಾಡಿದರೂ ಸಲಾಕೆ, ಎದುರಿನ ಟೈಲರು ನನ್ನ ಮುಖಕ್ಕೇ ಹೇಳುತ್ತಾನೆ, ನಿನಗೆ ಪ್ಯಾಂಟು ಹೊಲಿಯೋದು ಸುಲಭ ಮಾರಾಯ, ಮಂಡಿ ಜಾಗದಲ್ಲಿ ಬಟ್ಟೆ ಬಿಡೋದೇ ಬೇಡ. ಅವಳಿಗೆ ಈ ಹೆಸರು ಗೊತ್ತಾದ ದಿನ ಎಷ್ಟು ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಆಮೇಲೆ ಹೇಳಿದಳು, ಸರಿಯಾಗೇ ಇಟ್ಟಿದಾರೆ ರೀ, ನಿಮಗೆ ಬೆಂಡ್ ತೆಗೆಯೋದು ಗೊತ್ತು, ಬೆಂಡ್ ಆಗೋದು ಗೊತ್ತಿಲ್ಲ. ಮನೆಯಲ್ಲೂ ನಾನು ಬಿಡುವವನಲ್ಲ, ಗೋಡೆಯ ಫೋಟೋ ಓರೆಯಾಗಿದ್ದರೆ ನೇರ ಮಾಡಬೇಕು, ಚಾಪೆಯ ಅಂಚು ಗೋಡೆಗೆ ಸರಿಯಾಗಿರಬೇಕು, ಡಬ್ಬಿಗಳ ಮುಖ ಒಂದೇ ಕಡೆಗಿರಬೇಕು, ಬಾಗಿಲ ಬಳಿ ಚಪ್ಪಲಿಗಳು ಜೋಡಿ ಜೋಡಿಯಾಗಿ ಹೊರಗೆ ಮುಖ ಮಾಡಿರಬೇಕು. ಅವಳು ಒಂದು ಚಪ್ಪಲಿಯನ್ನು ಬೇಕೆಂದೇ ಅಡ್ಡ ಬಿಡುತ್ತಿದ್ದಳು. ನಾನು ನೇರ ಮಾಡುತ್ತಿದ್ದೆ, ಅವಳು ನೀರು ತರಲು ಹೋಗಿ ಬಂದು ಮತ್ತೆ ಅಡ್ಡ ಬಿಡುತ್ತಿದ್ದಳು, ನಾನು ಬಾಯಿ ಬಿಡುತ್ತಿರಲಿಲ್ಲ, ಅವಳೂ ಬಿಡುತ್ತಿರಲಿಲ್ಲ, ಒಂದು ಸಂಸಾರವಿಡೀ ಹೀಗೆ ನಡೆಯಿತು, ಜಗಳವಲ್ಲ, ಆಟವೂ ಅಲ್ಲ, ಏನೋ ಒಂದು, ಅದು ನನಗೆ ಇಷ್ಟವಿತ್ತು ಅಂತ ಅವಳಿಗೆ ಹೇಳಲೇ ಇಲ್ಲ. ಅವಳಿಗೆ ಗೊತ್ತಿತ್ತು ಬಿಡು. ಗೊತ್ತಿತ್ತೇ?

ಅವಳ ಎಡಗಡೆ ಸ್ವಾಧೀನ ಹೋದದ್ದು ಒಂದು ಬೆಳಿಗ್ಗೆ, ಲೋಟ ಕೈಯಿಂದ ಜಾರಿತು, ಅವಳು ಲೋಟವನ್ನು ನೋಡಿದಳು, ಕೈಯನ್ನು ನೋಡಿದಳು, ಇದ್ಯಾಕೋ ನನ್ನ ಮಾತು ಕೇಳ್ತಿಲ್ಲ ನೋಡ್ರಿ ಅಂದಳು, ಅಷ್ಟರಲ್ಲಿ ಕಾಲೂ ಮಡಚಿ ಕೂತುಬಿಟ್ಟಳು. ಮಾತು ಉಳಿಯಿತು, ಸ್ವಲ್ಪ ತೊದಲು, ಬಾಯಿ ಒಂದು ಕಡೆಗೆ ಸೊಟ್ಟ. ಆಸ್ಪತ್ರೆಯ ಮಂಚದ ಮೇಲೆ ಕನ್ನಡಿ ಕೇಳಿ ತರಿಸಿಕೊಂಡು ಮುಖ ನೋಡಿಕೊಂಡವಳು ನನ್ನ ಕಡೆ ತಿರುಗಿ, ಇದನ್ನ ನೆಟ್ಟಗೆ ಮಾಡೋಕೆ ಸ್ಪ್ಯಾನರ್ ತಗೊಂಡು ಬರ್ಬೇಡಿ ಮತ್ತೆ ಅಂದಳು. ಪಕ್ಕದ ಮಂಚದವರೂ ನಕ್ಕರು. ನನಗೆ ನಗು ಬರಲಿಲ್ಲ, ಈ ಹೆಂಗಸು ಇಲ್ಲದೆ ನನ್ನಿಂದ ಒಂದು ದಿನವೂ ಆಗುವುದಿಲ್ಲ ಅನ್ನುವುದು ಆ ಹೊತ್ತಿಗೆ, ಆ ಕನ್ನಡಿಯ ಹಿಂದೆ, ನನಗೆ ಗೊತ್ತಾಯಿತು. ಕುರ್ಚಿ ಬಂದದ್ದು ಅದರ ಮುಂದಿನ ವಾರ, ಬರುವಾಗಲೇ ಗಾಲಿ ಸೊಟ್ಟ, ಎಷ್ಟು ಜನ ಕೂತಿದ್ದರೋ, ಎಷ್ಟು ಮೆಟ್ಟಿಲು ಇಳಿದಿತ್ತೋ, ಒಳಗೆ ತಳ್ಳಿದ ಕೂಡಲೇ ಸರಕ್ ಅಂದಿತು, ನನ್ನ ಕೈ ತುರಿಸಿತು, ಕಡ್ಡಿ ತಿರುಗಿಸುವ ಕೀ ತರಲು ಹೊರಟೆ. ಕೂತ್ಕೊಳ್ಳಿ ಅಂದಳು. ಐದು ನಿಮಿಷದ ಕೆಲಸ ಕಣೇ ಅಂದೆ. ಬೇಡ, ಅದನ್ನ ಮುಟ್ಬೇಡಿ, ಊರವರದ್ದೆಲ್ಲ ನೆಟ್ಟಗೆ ಮಾಡಿದೀರ, ನಮ್ಮನೇಲಿ ಒಂದಾದ್ರೂ ಸೊಟ್ಟಗಿರ್ಲಿ. ತಮಾಷೆ ಅಂದುಕೊಂಡೆ. ಮಾರನೆಯ ದಿನವೂ ಬೇಡ ಅಂದಳು, ಅದರ ಮಾರನೆಯ ದಿನವೂ. ಬೆಂಡ್ ತೆಗೆಯುವವನ ಹೆಂಡತಿ ಬೆಂಡಾದ ಗಾಲಿಯ ಮೇಲೆ, ಬೀದಿಯಲ್ಲಿ ತಳ್ಳಿಕೊಂಡು ಹೋಗುವಾಗ ಸರಕ್ ಸರಕ್, ಟೈಲರು ಮಿಷನ್ ನಿಲ್ಲಿಸಿ ನೋಡುತ್ತಾನೆ, ನನಗೆ ನಾಚಿಕೆ, ಅವಳಿಗೆ ಖುಷಿ, ಅಂಗಡಿಯ ಮುಂದೆ ಬಂದಾಗ ಬೇಕೆಂದೇ ನಿಧಾನ ತಳ್ಳಿ ಅನ್ನುತ್ತಾಳೆ. ಈಗ ಮುಟ್ಟುತ್ತಿದ್ದೇನೆ ಕಣೇ. ಆ ಯಜಮಾನನ ಸೊಂಟ ಮುರಿದಿದೆ, ಗಾಲಿ ಉಜ್ಜಿದರೆ ಪ್ರತಿ ಸುತ್ತಿಗೂ ಅಲುಗುತ್ತದೆ, ಅಲುಗಿದರೆ ನೋವು, ಅದಕ್ಕೇ ಮುಟ್ಟುತ್ತಿದ್ದೇನೆ. ಆದರೆ ಇದನ್ನು ನೆಟ್ಟಗೆ ಮಾಡಿ ಕೊಟ್ಟುಬಿಟ್ಟರೆ ನೀನು ಸೊಟ್ಟಗಿರಲಿ ಅಂದದ್ದು ಇನ್ನೊಂದೂ ಉಳಿಯುವುದಿಲ್ಲ, ಬೆಳಗಿನಿಂದ ಕೀ ಹಿಡಿದು ಕೂತಿದ್ದೇನೆ, ಒಂದು ಕಡ್ಡಿಯನ್ನೂ ತಿರುಗಿಸಿಲ್ಲ.

ತಿರುಗಿಸಬೇಕು. ಮೊದಲು ಸಡಿಲ, ಆಮೇಲೆ ಬಿಗಿ, ಇದು ನಮ್ಮಪ್ಪ ತಲೆಗೆ ಮೊಟಕಿ ಕಲಿಸಿದ್ದು, ಹೊಟ್ಟೆ ಬಿಟ್ಟ ಕಡೆಯ ಕಡ್ಡಿಗಳನ್ನು ಸಡಿಲ ಮಾಡದೆ ಎದುರು ಕಡೆಯವನ್ನೇ ಬಿಗಿ ಮಾಡುತ್ತ ಹೋದರೆ ರಿಮ್ಮು ಮೊಟ್ಟೆಯಾಗುತ್ತದೆ, ಇಲ್ಲವೇ ಕಡ್ಡಿ ಟಣ್ಣನೆ ಹಾರಿ ಕಣ್ಣಿಗೆ ಬರುತ್ತದೆ. ಇಷ್ಟು ಗೊತ್ತಿದ್ದವನು ಅವಳ ಕೈಗೆ ಏನು ಮಾಡಿದೆ? ಆಸ್ಪತ್ರೆಯಿಂದ ಬಂದ ಮೇಲೆ ಎಡಗೈ ಮುಷ್ಟಿ ಕಟ್ಟಿಕೊಂಡಿತು, ದಿನದಿಂದ ದಿನಕ್ಕೆ ಬಿಗಿ, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ, ಉಗುರು ಅಂಗೈಗೆ ಚುಚ್ಚಿ ಕೆಂಪಾಗಿತ್ತು, ನಾನು ಹಿಡಿದು ಎಳೆದೆ, ಕಬ್ಬಿಣ ಎಳೆಯುವವನ ಹಾಗೆಯೇ ಎಳೆದೆ, ಅದು ಇನ್ನಷ್ಟು ಮುಚ್ಚಿಕೊಂಡಿತು, ಅವಳು ಕಿರುಚಿದಳು, ಕಿರುಚಿದ ಮೇಲೆ ಉಸಿರು ಹಿಡಿದುಕೊಂಡು, ನಾನೇನು ರಿಮ್ಮಾ ರೀ ಅಂದಳು. ಬಾಗಿಲಲ್ಲಿ ನಿಂತಿದ್ದಳು ಆ ಹುಡುಗಿ, ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಮನೆಗೆ ಬರುವವಳು, ನಮ್ಮವಳೇ ಹೆಸರಿಟ್ಟದ್ದು ಕೈ ಡಾಕ್ಟರಮ್ಮ ಅಂತ, ಚೀಲ ಕೆಳಗಿಡದೆಯೇ ಬಂದು ನನ್ನ ಕೈ ಸರಿಸಿದಳು. ಎಳೀಬೇಡಿ ಅಂಕಲ್, ಎಳೆದಷ್ಟೂ ಅದು ಹೆದರಿ ಮುಚ್ಕೊಳ್ಳುತ್ತೆ, ಮೊದಲು ಮಣಿಕಟ್ಟು ಒಳಗೆ ಬಗ್ಗಿಸಿ, ಹೀಗೆ, ಪೂರ್ತಿ, ಈಗ ನೋಡಿ. ನೋಡಿದೆ. ಮಣಿಕಟ್ಟು ಬಗ್ಗಿತು, ಬೆರಳುಗಳು ಒಂದೊಂದಾಗಿ ತಾವೇ ಬಿಟ್ಟುಕೊಂಡವು, ಪೂರ್ತಿ ಅಲ್ಲ, ಒಂದು ನಿಂಬೆಹಣ್ಣು ಹಿಡಿಯುವಷ್ಟು. ನೆಟ್ಟಗಾಗಬೇಕಾದರೆ ಬಗ್ಗಿಸಬೇಕು ಅಂತ ನನಗೆ ಯಾವ ರಿಮ್ಮೂ ಹೇಳಿರಲಿಲ್ಲ. ರಿಲ್ಯಾಕ್ಸ್ ಆಂಟಿ, ರಿಲ್ಯಾಕ್ಸ್, ಆ ಹುಡುಗಿಯ ಬಾಯಲ್ಲಿ ಇದೊಂದೇ ಮಾತು. ಕ್ಷೌರದಂಗಡಿಯವನೂ ಇದೇ ಹೇಳುತ್ತಾನೆ, ನನ್ನ ಕತ್ತು ಹಿಡಿದು ಬಗ್ಗಿಸಲಾಗದೆ, ಬೀಪಿ ನೋಡುವ ನರ್ಸೂ ಹೇಳುತ್ತಾಳೆ, ಅವಳು ಹೇಳಿದ ಕೂಡಲೇ ನನ್ನ ಬೀಪಿ ಏರುತ್ತದೆ, ಅಳಿಯ ಭಾನುವಾರ ಸೋಫಾದ ಮೇಲೆ ಕಾಲು ಚಾಚಿ ರಿಲ್ಯಾಕ್ಸ್ ಮಾಡ್ತಿದೀನಿ ಮಾವ ಅನ್ನುತ್ತಾನೆ, ಏನೂ ಮಾಡದಿರುವುದನ್ನೂ ಮಾಡ್ತಿದೀನಿ ಅನ್ನುವ ಜನ. ಅವಳು ಮಾತ್ರ ಆ ಪದವನ್ನು ಚೆನ್ನಾಗಿ ಕಲಿತಳು, ಹುಡುಗಿ ಹೋದ ಮೇಲೆ ನನ್ನ ಗಂಟು ಮುಖ ನೋಡಿ, ರಿಲ್ಯಾಕ್ಸ್ ಅಂಕಲ್ ಅನ್ನುತ್ತಿದ್ದಳು.

ಒಂದು ಕಡ್ಡಿ ಬಿಟ್ಟೆ. ಅರ್ಧ ಸುತ್ತು ಸಡಿಲ. ಆಯಿತು, ಶುರುವಾಯಿತು. ಸೀಮೆಸುಣ್ಣವೆಲ್ಲಿ, ಇಲ್ಲಿದೆ, ಮಗಳ ಶಾಲೆಯದು, ಮುರಿದ ತುಂಡುಗಳನ್ನು ಅಪ್ಪನಿಗೆಂದು ಚೀಲದ ತಳದಲ್ಲಿ ಹಾಕಿಕೊಂಡು ತರುತ್ತಾಳೆ, ರಿಮ್ಮಿನ ಪಕ್ಕ ಹಿಡಿದು ತಿರುಗಿಸಿದರೆ ಎಲ್ಲಿ ಸೊಟ್ಟವೋ ಅಲ್ಲಿ ಮಾತ್ರ ಬಿಳಿ ಗೀಟು ಬೀಳುತ್ತದೆ. ಮಗಳು ಇಂಗ್ಲಿಷ್ ಟೀಚರು, ಸಂಜೆ ಅಮ್ಮನ ಪಕ್ಕ ಕೂತು ಪೇಪರ್ ತಿದ್ದುತ್ತಿದ್ದಳು, ಒಂದು ಸಂಜೆ ತಲೆಯೆತ್ತಿ, ಅಪ್ಪ ನಿಮ್ಮ ಕೆಲಸಕ್ಕೆ ಇಂಗ್ಲಿಷಲ್ಲೊಂದು ಪದ ಇದೆ, ಅನ್‌ಬೆಂಡ್, ಮಕ್ಕಳೆಲ್ಲ ತಪ್ಪು ಬರೆದಿದಾರೆ ನೋಡಿ ಅಂದಳು. ಏನೆಂದರೆ ಬಗ್ಗಿದ ತಂತಿಯನ್ನು ನೆಟ್ಟಗೆ ಮಾಡಿದರೂ ಅನ್‌ಬೆಂಡ್, ಬಗ್ಗಿ ಕಸ ಹೊಡೆದವಳು ಸೊಂಟ ಹಿಡಿದು ನೆಟ್ಟಗೆ ನಿಂತರೂ ಅನ್‌ಬೆಂಡ್, ಅಷ್ಟಕ್ಕೇ ಮುಗಿಯುವುದಿಲ್ಲ, ಬಿಗಿ ಮುಖದ ದೊಡ್ಡ ಮನುಷ್ಯ ಬಿಗಿ ಬಿಟ್ಟು ಎಲ್ಲರ ಜೊತೆ ಹಗುರಾಗಿ ಮಾತಾಡಿ ನಕ್ಕರೆ ಅದೂ ಅದೇ, ನಮ್ಮ ಹೆಡ್‌ಮಾಸ್ಟರ್ ಟೀ ಕುಡಿದ ಮೇಲೆ ಸ್ವಲ್ಪ ಅನ್‌ಬೆಂಡ್ ಆಗ್ತಾರೆ ಅಂತ ಬಳಸಬಹುದು. ಇವಳು ಕುರ್ಚಿಯಲ್ಲಿ ಕೂತು ಗಮನವಿಟ್ಟು ಕೇಳಿದಳು, ಮಗುವಿನ ಹಾಗೆ, ಕೇಳಿ ಯೋಚಿಸಿದಳು, ಒಂದೇ ಪದ ಎರಡೂ ಕೆಲಸ ಮಾಡುತ್ತಾ, ನೆಟ್ಟಗೆ ಮಾಡೋದೂ ಸಡಿಲ ಬಿಡೋದೂ? ಹೂಂ ಅಮ್ಮ. ಹಾಗಾದ್ರೆ ನಿಮ್ಮಪ್ಪ ಅರ್ಧ ಪದ ಕಲಿತು ಅಂಗಡಿ ಹಾಕಿದಾರೆ. ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ನಾನು ಕೋಪ ಬಂದವನ ಹಾಗೆ ಎದ್ದು ಹೋದೆ, ಕೋಪವೇನೂ ಇರಲಿಲ್ಲ. ಮಾರನೆಯ ದಿನ ಉಳಿದರ್ಧ ಕಲಿಯೋಣವೆಂದು ಮಧ್ಯಾಹ್ನ ಅಂಗಡಿಗೆ ಬಾರದೆ ಕಿಟಕಿಯ ಹತ್ತಿರ ಅವಳ ಪಕ್ಕ ಸುಮ್ಮನೆ ಕೂತೆ, ಗೋಡೆಗೆ ಒರಗಿ, ಕಾಲು ಚಾಚಿ, ಹೋಗುವ ಬರುವ ಜನರನ್ನು ನೋಡುತ್ತ, ನಡುವೆ ನಮ್ಮಪ್ಪ ಗಿರಾಕಿಯೊಬ್ಬನ ಸೈಕಲ್ಲಿಗೆ ಮುಂದಿನ ಗಾಲಿ ಹಾಕಲು ಮರೆತು ಕಳಿಸಲು ಹೊರಟಿದ್ದ ಕತೆಯನ್ನೂ ಹೇಳಿದೆ. ಅವಳು ನಕ್ಕಳು, ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿದಳು, ಸಾಕು ಏಳಿ ರೀ, ಹೋಗಿ ಅಂಗಡಿ ತೆಗೀರಿ, ನೀವು ಹೀಗೆ ಕೂತ್ರೆ ನನಗೆ ಸಾಯೋ ಕಾಲ ಬಂದಿದೆಯೇನೋ ಅಂತ ಹೆದರಿಕೆ ಆಗುತ್ತೆ.

ಎರಡನೇ ಕಡ್ಡಿ, ಮೂರನೆಯದು, ಈ ಕಡೆ ಬಿಡು, ಆ ಕಡೆ ಹಿಡಿ, ಗೀಟು ಚಿಕ್ಕದಾಗುತ್ತಿದೆ. ಬೆಳಿಗ್ಗೆ ಎದ್ದು ಮೊದಲ ಕೆಲಸ ಅವಳ ಕೈ, ಬೋಗುಣಿಯಲ್ಲಿ ಬೆಚ್ಚಗಿನ ನೀರು, ಮುಷ್ಟಿಯನ್ನು ಅದರಲ್ಲಿ ಮುಳುಗಿಸಿ ಕೂರುವುದು, ಮಣಿಕಟ್ಟು ಬಗ್ಗಿಸುವುದು, ಬೆರಳು ಬಿಟ್ಟಾಗ ಸಂದಿ ಸಂದಿ ಒರೆಸುವುದು, ಉಗುರು ತೆಗೆಯುವುದು, ಬಟ್ಟೆಯ ಸುರುಳಿ ಹಿಡಿಸಿ ಮತ್ತೆ ಮುಚ್ಚಲು ಬಿಡುವುದು. ಆ ಅಂಗೈ ಎಷ್ಟು ಮೆತ್ತಗಾಗಿತ್ತು, ಪಾತ್ರೆ ತಿಕ್ಕಿ ಬಟ್ಟೆ ಒಗೆದು ಒರಟಾಗಿದ್ದ ಕೈ, ಕೆಲಸವಿಲ್ಲದೆ ಮುಚ್ಚಿಕೊಂಡು ಕೂತು ಹಸುಗೂಸಿನ ಪಾದದ ಹಾಗಾಗಿತ್ತು. ಮದುವೆಯಾದಾಗಿನಿಂದ ನೀವು ಇಷ್ಟು ಹೊತ್ತು ನನ್ನ ಕೈ ಹಿಡಿದೇ ಇಲ್ಲ ಅಂದಳು ಒಂದು ದಿನ, ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲೂ ಅಲ್ಲ, ಸುಮ್ಮನೆ. ನಿದ್ದೆಯಲ್ಲಿ ಮುಷ್ಟಿ ಸ್ವಲ್ಪ ಸಡಿಲವಾಗುತ್ತಿತ್ತು, ಅದನ್ನು ನೋಡಿ ನನಗೆ ಆಸೆ ಹುಟ್ಟುತ್ತಿತ್ತು, ಎಚ್ಚರವಾದ ಕೂಡಲೇ ಮತ್ತೆ ಅದೇ ಗಂಟು. ಇವತ್ತಲ್ಲ ನಾಳೆ ಬಿಚ್ಚುತ್ತೆ ನೋಡ್ತಿರು ಅನ್ನುತ್ತಿದ್ದೆ, ರಿಮ್ಮು ಕೊಡಲು ಬಂದವರಿಗೆ ನಾಳೆ ಬನ್ನಿ ಅನ್ನುವ ಹಾಗೆಯೇ ಅನ್ನುತ್ತಿದ್ದೆ. ಬಿಚ್ಚಲಿ, ಬಿಚ್ಚಿದ ದಿನ ಮೊದಲ ಏಟು ನಿಮ್ಮ ಬೆನ್ನಿಗೆ, ಆವತ್ತು ಎಳೆದು ನೋವು ಮಾಡಿದ್ರಲ್ಲ, ಅದಕ್ಕೆ. ಕೊಡು ಅಂದೆ. ಬಗ್ಗಿ ಕೊಡ್ಬೇಕು ಮತ್ತೆ, ಸಲಾಕೆ ಥರ ಕೂತ್ರೆ ನನ್ನ ಕೈಗೇ ಪೆಟ್ಟು. ಆಯ್ತು ಕಣೇ, ಬಗ್ಗುತ್ತೇನೆ. ಇದು ದಿನವೂ ನಡೆಯುತ್ತಿದ್ದ ಮಾತಾಯಿತು, ನೀರಿನ ಬೋಗುಣಿ ಎತ್ತುವ ಹೊತ್ತಿಗೆ ಅವಳು ಬೆನ್ನು ರೆಡಿ ಇದೆಯಾ ಅನ್ನುವುದು, ನಾನು ರೆಡಿ ಅನ್ನುವುದು. ಹಾಸಿಗೆಯ ಮೇಲೆ ಬಿಚ್ಚಿದ ಕೈ, ಅಂಗೈ ಮೇಲೆ — ಅಲ್ಲ, ಬೇಡ, ನಾಲ್ಕನೇ ಕಡ್ಡಿ, ಇದರ ನಟ್ಟು ತುಕ್ಕು ಹಿಡಿದಿದೆ, ಒಂದು ತೊಟ್ಟು ಎಣ್ಣೆ ಬಿಡಬೇಕು, ಬಿಟ್ಟು ಕಾಯಬೇಕು.

ಕಾಯುವ ಹೊತ್ತೇ ಕೆಟ್ಟದ್ದು. ಟೈಲರು ಟೀ ತಂದಿಟ್ಟು ಹೋದ, ಎರಡು ವಾರದಿಂದ ದಿನವೂ ತಂದಿಡುತ್ತಾನೆ, ಮೊದಲ ದಿನ ಪಕ್ಕ ಕೂತು, ಒಂದ್ಸಲ ಅತ್ಬಿಡು ಮಾರಾಯ, ಒಳಗೆ ಇಟ್ಕೊಂಡ್ರೆ ಒಳಗೇ ಕೊಳೆಯುತ್ತೆ ಅಂದ. ಮಗಳೂ ಅಂದಳು. ಅಳಿಯನೂ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ, ಪಾಪ, ರಿಲ್ಯಾಕ್ಸ್ ಅನ್ನಬೇಕೆಂದಿದ್ದನೋ ಏನೋ. ಅಳು ಬೇಡ ಅಂತ ನಾನೇನು ಹಟ ಹಿಡಿದಿದ್ದೇನೆಯೇ, ಬರುತ್ತಿಲ್ಲ, ಎಲ್ಲೋ ಎದೆಯ ಹತ್ತಿರ ಒಂದು ಮುಷ್ಟಿ ಕಟ್ಟಿಕೊಂಡಿದೆ, ಎಳೆದಷ್ಟೂ ಮುಚ್ಚಿಕೊಳ್ಳುತ್ತದೆ, ಅದರ ಮಣಿಕಟ್ಟು ಎಲ್ಲಿದೆ ಅಂತ ಗೊತ್ತಿಲ್ಲ. ಮೊನ್ನೆ ಮಗಳು ಮನೆ ಗುಡಿಸಿದಳು, ಗುಡಿಸುತ್ತ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿದಳು, ನನಗೆ ಹಾಗಿದ್ದರೇ ಹಿತ ಅಂತ, ಅಮ್ಮನ ಚಪ್ಪಲಿಯನ್ನೂ ಜೋಡಿಸಿದಳು, ಎರಡೂ ಹೊರಗೆ ಮುಖ ಮಾಡಿ, ಸರಿಯಾಗಿ, ನಾನು ಎಷ್ಟು ವರ್ಷ ಮಾಡಿದೆನೋ ಹಾಗೆಯೇ. ಆ ಕುರ್ಚಿಗೆ ಬರುವ ಮೊದಲು ಅವಳು ಕೊನೆಯ ಸಲ ಬಿಟ್ಟು ಬಂದ ಚಪ್ಪಲಿ ಅವು, ಒಂದು ನೇರ, ಒಂದು ಅಡ್ಡ, ಇಷ್ಟು ತಿಂಗಳು ನಾನು ದಾಟಿಕೊಂಡು ಓಡಾಡಿದ್ದೆ, ಮುಟ್ಟಿರಲಿಲ್ಲ. ಮಗಳ ಮೇಲೆ ಸಿಟ್ಟು ಬಂತು, ಬಂದ ಸಿಟ್ಟು ಬಾಯಿಯವರೆಗೂ ಬರಲಿಲ್ಲ, ಅವಳಿಗೇನು ಗೊತ್ತು. ಹೋಗಿ ಬಗ್ಗಿ ಒಂದನ್ನು ಅಡ್ಡ ಮಾಡಿದೆ. ಸರಿಹೋಗಲಿಲ್ಲ, ಅವಳು ಬಿಡುತ್ತಿದ್ದ ಅಡ್ಡ ಬೇರೆ, ಇನ್ನೂ ಸ್ವಲ್ಪ ತಿರುಗಿಸಿದೆ, ಹಿಂದಕ್ಕೆ ಎಳೆದೆ, ಬರಲೇ ಇಲ್ಲ. ಬೇಕೆಂದು ಸೊಟ್ಟ ಮಾಡುವುದು ನನಗೆ ಬರುವುದಿಲ್ಲ. ಪೊರಕೆ ಹಿಡಿದು ನಿಂತಿದ್ದ ಮಗಳು, ಅಪ್ಪ ಏನು ಮಾಡ್ತಿದೀರ ಅಂದವಳು, ಅರ್ಥವಾಗಿ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತಳು. ಅವಳ ತಲೆ ಮುಟ್ಟಿದೆ. ತಲೆ ಮುಟ್ಟಿ ನೆಟ್ಟಗೆ ನಿಂತಿದ್ದೆ.

ನಟ್ಟು ಸಡಿಲಾಯಿತು. ಎಣ್ಣೆ ಹಿಡಿದಿದೆ, ಕೀ ತಿರುಗುತ್ತಿದೆ, ಕೈಗೆ ತನ್ನ ಕೆಲಸ ನೆನಪಾಗಿದೆ, ನಾನು ಬೇಡ ಅಂದರೂ ಅದು ನಿಲ್ಲುವುದಿಲ್ಲ, ಈ ಕಡೆಯದು ಕಾಲು ಸುತ್ತು, ಆ ಕಡೆಯದು ಕಾಲು ಸುತ್ತು, ಬೆರಳಿನಿಂದ ಕಡ್ಡಿ ಮೀಟಿದರೆ ಎಲ್ಲದರ ದನಿಯೂ ಹತ್ತಿರ ಹತ್ತಿರ ಬರುತ್ತಿದೆ. ತಿರುಗಿಸು. ಸರ್. ಸರಕ್ ಅಲ್ಲ, ಬರೀ ಸರ್, ಬಟ್ಟೆ ಸವರಿದ ಹಾಗೆ. ಇಲ್ಲಿಗೆ ನಿಲ್ಲಿಸಲೇ, ಇಷ್ಟು ಇರಲೇ, ಯಾರಿಗೂ ತಿಳಿಯುವುದಿಲ್ಲ, ಇಷ್ಟು ಸೊಟ್ಟ ಯಾರಿಗೂ ನೋಯುವುದಿಲ್ಲ — ನೋಯುತ್ತದೆ, ಸೊಂಟ ಮುರಿದವನಿಗೆ ಇಷ್ಟೂ ನೋಯುತ್ತದೆ, ಆ ಯಜಮಾನನಿಗೂ ಒಬ್ಬ ಹೆಂಡತಿ ಇರಬಹುದು, ಅವಳು ತಳ್ಳುತ್ತಿರಬಹುದು, ಅವನ ತಲೆಯ ಹಿಂಭಾಗ ನೋಡುತ್ತ. ನೀನು ಇದ್ದಿದ್ದರೆ ನೀನೇ ಹೇಳುತ್ತಿದ್ದೆ, ನಮ್ಮನೇದು ಸೊಟ್ಟಗಿರ್ಲಿ ಅಂದ್ರೆ ಪರರದ್ದೂ ಹಾಗೇ ಕೊಟ್ಟು ಕಳಿಸ್ತೀರಾ, ನಿಮಗೇನು ಬುದ್ಧಿ ಇದೆಯಾ. ಕೊನೆಯ ಕಡ್ಡಿ. ಕಾಲು ಸುತ್ತಿಗೂ ಕಮ್ಮಿ. ಸೀಮೆಸುಣ್ಣ ಹಿಡಿದೆ, ಸುತ್ತಲೂ ಒಂದೇ ಸಮ ತೆಳುವಾದ ಬಿಳಿ ಗೀಟು, ಎಲ್ಲೂ ಕಡಿದಿಲ್ಲ. ಬಿಟ್ಟೆ. ಗಾಲಿ ತಿರುಗಿತು, ತಿರುಗುತ್ತಲೇ ಇತ್ತು, ಏನೂ ಸದ್ದಿಲ್ಲ, ಇಷ್ಟು ತಿಂಗಳಲ್ಲಿ ಮೊದಲ ಸಲ ಈ ಕುರ್ಚಿ ಸುಮ್ಮನಾಗಿದೆ, ಈಗ ಮನೆಯಲ್ಲಿ ಕೇಳಲು ಇನ್ನೇನೂ ಇಲ್ಲ.

ಆಯ್ತಾ ಅಂಕಲ್? ಕೈ ಡಾಕ್ಟರಮ್ಮ, ಯಾವಾಗ ಬಂದಳೋ, ಹೆಗಲಿಗೆ ಅದೇ ಚೀಲ. ಆಯ್ತು ತಾಯಿ ಅಂದೆ, ಕುರ್ಚಿಯನ್ನು ಇಬ್ಬರೂ ಹಿಡಿದು ನೆಟ್ಟಗೆ ನಿಲ್ಲಿಸಿದೆವು, ಅವಳು ಹಿಂದೆ ಮುಂದೆ ತಳ್ಳಿ ನೋಡಿದಳು, ಅಯ್ಯೋ ಸದ್ದೇ ಇಲ್ವಲ್ಲ ಅಂದಳು, ಅಂದು ತುಟಿ ಕಚ್ಚಿಕೊಂಡಳು. ಅವಳಿಗೂ ಆ ಸದ್ದು ಗೊತ್ತಿತ್ತು, ಆಂಟಿಯ ತಮಾಷೆ ಗೊತ್ತಿತ್ತು. ರಿಲ್ಯಾಕ್ಸ್ ಅನ್ನಲಿಲ್ಲ. ಕುರ್ಚಿಯ ಹಿಡಿ ಸವರುತ್ತ ನಿಂತಳು, ಆಮೇಲೆ ಮೆಲ್ಲಗೆ, ಅಂಕಲ್ ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ, ಆಂಟಿ ಹೋದ ದಿನ ನಾನು ಬಂದಾಗ ಅವರ ಕೈ ನೋಡಿದೆ, ಎಷ್ಟೋ ಜನಕ್ಕೆ ಕೀಲೆಲ್ಲ ಕಟ್ಕೊಂಡುಬಿಟ್ಟಿರುತ್ತೆ, ಕೊನೆಗೂ ಬಿಚ್ಚಲ್ಲ, ಆಂಟೀದು ಒಂದೂ ಕಟ್ಟಿರ್ಲಿಲ್ಲ, ನೀವು ದಿನಾ ಮಾಡಿದ್ರಲ್ಲ, ಅದಕ್ಕೇ ಅಷ್ಟು ಹಗುರಾಗಿ ಬಿಚ್ಕೊಂಡಿತ್ತು. ಒಳ್ಳೆಯ ಮಾತೆಂದೇ ಹೇಳಿದ್ದು. ನಾನು ತಲೆಯಾಡಿಸಿದೆ. ಕುರ್ಚಿ ತಳ್ಳಿಕೊಂಡು ಹೊರಟಳು, ಟೈಲರ ಅಂಗಡಿ ದಾಟಿದಳು, ಟೈಲರು ತಲೆ ಎತ್ತಲಿಲ್ಲ, ಎತ್ತಲು ಅವನಿಗೆ ಏನೂ ಕೇಳಿಸಲಿಲ್ಲ, ತಿರುವಿನವರೆಗೂ ನೋಡಿದೆ, ಖಾಲಿ ಸೀಟು, ನೆಟ್ಟಗೆ ತಿರುಗುವ ಎರಡು ಗಾಲಿ.

ಸ್ಟೂಲಿನ ಮೇಲೆ ಕೂತಿದ್ದೇನೆ. ಬಲಗೈಯಲ್ಲಿ ಇನ್ನೂ ಕೀ ಇದೆ, ಮುಷ್ಟಿಯೊಳಗೆ, ಬಿಡಬೇಕು ಅಂದರೆ ಬಿಡುತ್ತಿಲ್ಲ, ಬೆಳಗಿನಿಂದ ಹಿಡಿದು ಬೆರಳು ಹಾಗೇ ಸೆಟೆದುಕೊಂಡಿವೆ, ಗೆಣ್ಣು ಬೆಳ್ಳಗಾಗಿದೆ. ಎಡಗೈ ತಾನಾಗಿ ಬಂತು, ರೂಢಿ, ಬೋಗುಣಿಯ ನೀರಿನ ರೂಢಿ, ಮಣಿಕಟ್ಟನ್ನು ಹಿಡಿದು ಒಳಗೆ ಬಗ್ಗಿಸಿತು, ಪೂರ್ತಿ, ಬೆರಳು ಒಂದೊಂದಾಗಿ ಬಿಟ್ಟವು, ಕೀ ನೆಲಕ್ಕೆ ಬಿತ್ತು, ಅಂಗೈ ಮಂಡಿಯ ಮೇಲೆ, ಬಿಚ್ಚಿ — ಆ ಬೆಳಿಗ್ಗೆ ಬೋಗುಣಿ ಹಿಡಿದು ಒಳಗೆ ಹೋದೆ, ಕಿಟಕಿಯ ಬಿಸಿಲು ಹಾಸಿಗೆಯ ಮೇಲಿತ್ತು, ಬಿಸಿಲಲ್ಲಿ ಅವಳ ಎಡಗೈ, ಬಿಚ್ಚಿತ್ತು, ಪೂರ್ತಿ, ಬಟ್ಟೆಯ ಸುರುಳಿ ಪಕ್ಕಕ್ಕೆ ಉರುಳಿತ್ತು, ಇಷ್ಟು ತಿಂಗಳು ನಿಂಬೆಹಣ್ಣಿನಷ್ಟು ಮಾತ್ರ ಬಿಟ್ಟದ್ದು ಈಗ ಐದೂ ಬೆರಳು ನೆಟ್ಟಗೆ. ನಾನು ನಕ್ಕೆ. ಇದನ್ನು ಯಾರಿಗೂ ಹೇಳಿಲ್ಲ, ನಾನು ನಕ್ಕೆ, ಜೋರಾಗಿ ನಕ್ಕೆ, ನೀರು ಚೆಲ್ಲಿತು, ನೋಡೇ, ಬಿಚ್ಕೊಂಡಿದೆ ಅಂದೆ, ಹೇಳಿರ್ಲಿಲ್ವಾ ನಾನು ಅಂದೆ, ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದೆ, ಅಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಮಂಚದ ಅಂಚಿನಲ್ಲಿ ಕೂತೆ, ಅವಳ ಕಡೆ ಬೆನ್ನು ಮಾಡಿ. ಬಗ್ಗಿದೆ. ತಲೆ ಮಂಡಿಗೆ ತಾಗುವಷ್ಟು ಬಗ್ಗಿದೆ, ಯಾರ ಮುಂದೆಯೂ ಹಾಗೆ ಬಗ್ಗಿರಲಿಲ್ಲ. ಹೂಂ ಹೊಡಿ ಅಂದೆ. ನಗುತ್ತಲೇ ಇದ್ದೆ. ಬೆನ್ನು ರೆಡಿ ಇದೆ ಕಣೇ ಅಂದೆ, ಹೊಡಿ ಈಗ, ಮೊದಲ ಏಟು. ಕಾದೆ. ಇನ್ನೂ ಹೊಡೆಯಲಿಲ್ಲವಲ್ಲ, ಸತಾಯಿಸುತ್ತಿದ್ದಾಳೆ ಅಂದುಕೊಂಡೆ, ಅವಳ ಸ್ವಭಾವವೇ ಅದು, ಕಾದೆ, ಬಗ್ಗಿಕೊಂಡೇ ಕಾದೆ, ಬೆನ್ನು ಕಾಯುತ್ತಿದೆ, ಈಗಲೂ, ಈ ಸ್ಟೂಲಿನ ಮೇಲೆ, ಬಗ್ಗಿದ್ದೇನೆ, ಕಣ್ಣ ನೀರು ಬೀಳುತ್ತಿದೆ ನೆಲದ ಮೇಲೆ, ಕೀಯ ಮೇಲೆ, ಹಿಂದೆ ಹಾಸಿಗೆ, ಬಿಸಿಲು, ಅಂಗೈ ಮೇಲೆ ಮಾಡಿ ಬಿಚ್ಚಿದ ಕೈ, ಐದೂ ಬೆರಳು ನೆಟ್ಟಗೆ.